ಮಾಮಾನ ವಾರ ಖಾಲಿ ಹೋಗುವುದಿಲ್ಲ

…ಅಥವಾ ಅದು ಜ್ವರ ಆಗಿರಲಿಲ್ಲ, ಬರೀ ನೆಗಡಿ ಇತ್ತೋ ಏನೋ. ಹೇಳುತ್ತ ಹೇಳುತ್ತ ನಾನೇ ಅದನ್ನು ಜ್ವರಕ್ಕೆ ಏರಿಸಿರಬಹುದು. ಮಾಮಾನ ವಿಷಯದಲ್ಲಿ ಇದೇ ತೊಂದರೆ. ನನ್ನ ನೆನಪು ಕೂಡ ಅವರ ಹಾಗೆಯೇ, ಎಲ್ಲಿಯಾದರೂ ಖಾಲಿ ಜಾಗ ಕಂಡರೆ ಏನಾದರೂ ತಂದು ತುಂಬಿಬಿಡುತ್ತದೆ! ಆದರೆ ಒಂದು ಮಾತು ಗಟ್ಟಿಯಾಗಿ ಹೇಳಬಲ್ಲೆ. ನಮ್ಮ ಕಡೆಯ ಶಾಸಕರೊಬ್ಬರು ಹಾಸಿಗೆ ಹಿಡಿದು ಏನೂ ಮಾಡದೆ ಮಲಗಿದ್ದ ವಾರವೇ ನನ್ನ ಸೋದರಮಾವನಿಗೆ ಎಲ್ಲಕ್ಕಿಂತ ಹೆಚ್ಚು ಕೆಲಸ ಇತ್ತು.

ಶಾಸಕರು ಯಾರು, ಯಾವ ಪಕ್ಷ ಎಂದು ಕೇಳಬೇಡಿ. ಹೇಳಿದರೆ ನೀವು ಮಾಮಾನನ್ನು ಬಿಟ್ಟು ಅವರ ಹಿಂದೆ ಹೋಗುತ್ತೀರಿ.

ಮಾಮಾ ಬೆಳಗಾವಿ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕುಳಿತು ನೌಕರಿ ಮುಗಿಸಿದವರು. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ಈಗ ಹೊರಡುತ್ತದೆ ಎಂದು ಒಮ್ಮೆ ಕನ್ನಡದಲ್ಲಿ, ಒಮ್ಮೆ ಮರಾಠಿಯಲ್ಲಿ ಕೂಗುವುದು ಅವರ ಕೆಲಸ. ನಿವೃತ್ತಿಯಾದ ಮೇಲೆ ಆ ಧ್ವನಿ ಮನೆಯಲ್ಲಿ ಹಿಡಿಸಲಿಲ್ಲ. ಪೀರನವಾಡಿಯ ಆ ಚಿಕ್ಕ ಮನೆಯಲ್ಲಿ ಅವರು ಉಪ್ಪು ಕೇಳಿದರೆ ಪಕ್ಕದ ಮನೆಯವರು ಉಪ್ಪು ತಂದುಕೊಡುತ್ತಿದ್ದರು! ಅಂಥ ಹೊತ್ತಿನಲ್ಲಿ ಶಾಸಕರ ಕಚೇರಿಯಿಂದ ಕರೆ ಬಂತು. ಸಾಹೇಬರು ವಾರವಿಡೀ ಮಾಡಿದ ಕೆಲಸವನ್ನು ಮತದಾರರಿಗೆ ವಾಟ್ಸಾಪಿನಲ್ಲಿ ಧ್ವನಿ ಸಂದೇಶವಾಗಿ ಕಳಿಸಬೇಕು. ಖಾನಾಪುರದ ಕಡೆ ಕಾಡಿನ ಹಳ್ಳಿಗಳಿವೆ, ಓದುವವರಿಗಿಂತ ಕೇಳುವವರು ಹೆಚ್ಚು, ಎರಡೂ ಭಾಷೆ ಬೇಕು. ಮಾಮಾನನ್ನು ಬಿಟ್ಟು ಇನ್ನಾರನ್ನು ಹುಡುಕುತ್ತಾರೆ?

ಪ್ರತಿ ರವಿವಾರ ಹೊತ್ತು ಮುಳುಗುವ ಮೊದಲು ಸಂದೇಶ ಹೋಗಲೇಬೇಕು. ಏಕೆಂದರೆ ಮಾಮಾ ಜೈನರು, ಹೊತ್ತು ಮುಳುಗಿದ ಮೇಲೆ ಒಂದು ತುತ್ತು ಬಾಯಿಗೆ ಹಾಕುವವರಲ್ಲ. ಅವರ ಕ್ರಮದಲ್ಲಿ ಮೊದಲು ಸಂದೇಶ, ಆಮೇಲೆ ಊಟ, ಆಮೇಲೆ ಸೂರ್ಯ ಮುಳುಗಬಹುದು.

"ಮತದಾರ ಬಾಂಧವರ ಗಮನಕ್ಕ!" ಎಂದು ಸಂದೇಶ ಶುರುವಾಗುತ್ತಿತ್ತು. ಅದನ್ನು ಕೇಳಿದ ಕೂಡಲೇ ನಮ್ಮ ಅವ್ವ ಈಗಲೂ ಕೈಚೀಲ ಹುಡುಕುತ್ತಾಳೆ.

ಅವರಿಗೊಂದು ವೃತ್ತಿಧರ್ಮ ಇತ್ತು. ಅದನ್ನು ನನಗೆ ಎಷ್ಟು ಸಲ ಬೋಧಿಸಿದ್ದಾರೋ!

"ನೋಡೋ, ಬಸ್ಸು ಇಲ್ಲ ಅಂತ ಮೈಕಿನ್ಯಾಗ ಎಂದೂ ಹೇಳಬಾರದು. ಇಲ್ಲ ಅಂದ್ರ ಮಂದಿ ಎದ್ದು ಹೊಕ್ಕಾರ. 'ಸ್ವಲ್ಪ ತಡ ಐತಿ' ಅನ್ನು, ಕುಂದರ್ತಾರ. ಕುಂತ ಮಂದೀಗೆ ಏನಾರ ಒಂದು ಬಸ್ಸು ಬಂದ ಬರತೈತಿ."

ಇದೇ ಧರ್ಮವನ್ನು ಅವರು ರಾಜಕೀಯಕ್ಕೂ ತಂದರು. ವಾರ ಖಾಲಿ ಹೋಗಬಾರದು! ಸಾಹೇಬರಿಗೆ ಜ್ವರ ಬಂದು (ಅಥವಾ ನೆಗಡಿಯಾಗಿ) ಆಸ್ಪತ್ರೆಯಲ್ಲಿ ಮಲಗಿದ ವಾರದ ಸಂದೇಶ ಹೀಗಿತ್ತು: "ಸಾಹೇಬರು ಈ ವಾರ ಆಸ್ಪತ್ರೆಯ ವ್ಯವಸ್ಥೆಯನ್ನು ಸ್ವತಃ ಮಲಗಿ ಪರಿಶೀಲಿಸಿದರು."

ಶಾಸಕರು ಹಾಸಿಗೆಯಿಂದಲೇ ಫೋನ್ ಮಾಡಿದರು. ಅವರು ವಯಸ್ಸಿನಲ್ಲಿ ಚಿಕ್ಕವರು, ಮಾಮಾನನ್ನು ಕಾಕಾ ಎನ್ನುತ್ತಿದ್ದರು.

"ಕಾಕಾ, ಇದು ಜರಾ ಜಾಸ್ತಿ ಆಗಲಿಲ್ಲೇನ್ರಿ?"

"ಸಲಾಯಿನ್ ಹಚ್ಯಾರಿಲ್ಲೋ?"

"ಹಚ್ಯಾರ್ರಿ."

"ಹನಿ ಬರೋಬರಿ ಬೀಳಾಕತ್ತೈತೋ ಇಲ್ಲೋ ನೋಡೀರಿಲ್ಲೋ?"

"ನೋಡೇನ್ರಿ."

"ಮತ್ತ? ಪರಿಶೀಲನಾ ಆತಲ್ಲ!"

ಶಾಸಕರು ಕೆಟ್ಟವರಲ್ಲ. ನಕ್ಕು ಫೋನಿಟ್ಟರು. ಅವರ ನಗು ಮಾಯವಾದದ್ದು 'ಖಾಲಿ'ಯ ದೆಸೆಯಿಂದ.

ನಿಮಗೆ ಗೊತ್ತಿರಬೇಕು, ಕನ್ನಡದಲ್ಲಿ ಖಾಲಿ ಎಂದರೆ ಏನೂ ಇಲ್ಲದ್ದು. ಮರಾಠಿಯಲ್ಲಿ ಖಾಲಿ ಎಂದರೆ ಕೆಳಗೆ. ಬೆಳಗಾವಿಯವರು ಇವೆರಡನ್ನೂ ಒಂದೇ ಬಾಯಿಯಲ್ಲಿಟ್ಟುಕೊಂಡು ಹೇಗೋ ಬದುಕಿಕೊಂಡಿದ್ದಾರೆ. ಆದರೆ ಮಾಮಾನಿಗೆ ಸಿಟ್ಟು ಬಂದಾಗ, ಅವಸರವಾದಾಗ, ಯಾವ ಭಾಷೆಯಲ್ಲಿ ಕೂಗುತ್ತಿದ್ದೇನೆ ಎಂಬುದು ಅವರಿಗೇ ತಿಳಿಯುತ್ತಿರಲಿಲ್ಲ. ಕಚೇರಿ ಮಹಡಿಯ ಮೇಲಿತ್ತು. ಒಂದು ದಿನ ಮೆಟ್ಟಿಲ ತುಂಬ ಅರ್ಜಿ ಹಿಡಿದ ಜನ. ಮಾಮಾ ಬಾಗಿಲಿಗೆ ಬಂದು ನಿಲ್ದಾಣದ ಧ್ವನಿಯಲ್ಲಿ ಘೋಷಿಸಿದರು: "ಸಾಹೇಬ ಖಾಲಿ!"

ಮರಾಠಿಯವರು ಸಾಹೇಬರು ಕೆಳಗಿದ್ದಾರೆ ಎಂದುಕೊಂಡು ದಡದಡ ಇಳಿದರು. ಕನ್ನಡದವರು ಸಾಹೇಬರಿಗೆ ಪುರುಸೊತ್ತಾಗಿದೆ ಎಂದುಕೊಂಡು ದಡದಡ ಹತ್ತಿದರು. ನಡುಮೆಟ್ಟಿಲಲ್ಲಿ ಎರಡು ಭಾಷೆಗಳು ಡಿಕ್ಕಿ ಹೊಡೆದವು! ಸಾಹೇಬರು ಮಾತ್ರ ಎರಡೂ ಕಡೆ ಇರಲಿಲ್ಲ. ಬಚ್ಚಲಲ್ಲಿದ್ದರು.

ಅದೂ ಹೋಗಲಿ. ಮುಂದೊಮ್ಮೆ ಸಾಹೇಬರು ಅನುದಾನ ಕೇಳಲು ಬೆಂಗಳೂರಿಗೆ ಹೋಗಿ ವಿಮಾನದಲ್ಲಿ ಮರಳಿದರು. ಮಾಮಾ ಮರಾಠಿಯಲ್ಲಿ ಸೊಗಸಾಗಿ ಹೇಳಿದರು: "ಸಾಹೇಬ ಸಾಂಬ್ರ್ಯಾಲಾ ಖಾಲಿ ಉತರಲೇ." ಎಂದರೆ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಕೆಳಗಿಳಿದರು, ಅಷ್ಟೇ. ವಿರೋಧಿಗಳು ಅಷ್ಟನ್ನೇ ಕತ್ತರಿಸಿ ಊರೆಲ್ಲ ಹಂಚಿದರು. ಸಾಹೇಬರು ಖಾಲಿ ಇಳಿದರಂತೆ! ಅವರದೇ ಮನುಷ್ಯ ಹೇಳುತ್ತಿದ್ದಾನೆ, ಕೇಳಿ!

ಶಾಸಕರು ತಲೆಗೆ ಕೈಹೊತ್ತು ಕುಳಿತರು. "ಖರೇನ ಖಾಲಿ ಬಂದೇನ್ರಿ ಕಾಕಾ. ಆದ್ರ ಅದನ್ನ ನೀವ್ಯಾಕ ಹೇಳಬೇಕಿತ್ತು?"

ಅಂದಿನಿಂದ ಆ ಶಬ್ದಕ್ಕೆ ನಿಷೇಧ. ಮರಾಠಿಯಲ್ಲೂ ಬೇಡ, ಕನ್ನಡದಲ್ಲೂ ಬೇಡ. ಮಾಮಾ ಒಪ್ಪಿಕೊಂಡರು.

ಈಗ ಸಾಕವ್ವನ ವಿಷಯ. ಒಂದು ರವಿವಾರ ಸಂದೇಶ ಹೋದ ಸ್ವಲ್ಪ ಹೊತ್ತಿಗೆ ಫೋನ್ ಬಂತು. ಮಾಮಿ ಎತ್ತಿದಳು. ಮಾಮಿ ಧಾರವಾಡದ ಕಡೆಯವಳು, ಮರಾಠಿಗೂ ಅವಳಿಗೂ ಅಷ್ಟಕ್ಕಷ್ಟೆ.

"ರೀ, ಯಾರೋ ಸಾಕವ್ವ ಅಂತ."

"ಯಾವ ಸಾಕವ್ವ? ನನಗ ಯಾ ಸಾಕವ್ವನೂ ಗೊತ್ತಿಲ್ಲ."

"ಗೊತ್ತಿಲ್ಲದಾಕಿ ಬರೋಬರಿ ಊಟದ ಹೊತ್ತಿಗೆ ಫೋನ್ ಮಾಡ್ತಾಳೇನ?"

ಫೋನ್ ಮಾಡಿದ್ದು ಕಾಡಿನಂಚಿನ ಹಳ್ಳಿಯ ಒಬ್ಬ ಮುದುಕಿ. ಅವಳು ಹೇಳಿದ್ದು ತನ್ನ ಹೆಸರನ್ನಲ್ಲ. ಹಳ್ಳ ದಾಟುವ ಸಣ್ಣ ಕಾಲುಸೇತುವೆಗೆ ಆ ಕಡೆಯ ಮರಾಠಿಯಲ್ಲಿ ಸಾಕವ ಎನ್ನುತ್ತಾರೆ. ಸಾಕವ ಯಾವಾಗ ಬರುತ್ತದೆ ಎಂದು ಅವಳು ಕೇಳುತ್ತಿದ್ದಳು. ಮನೆಯಲ್ಲಿ ಮಾತ್ರ ಅವಳಿಗೆ ಸಾಕವ್ವ ಎಂಬ ಹೆಸರೇ ನಿಂತಿತು. ಅವಳ ಮೊಮ್ಮಗಳು ಖಾನಾಪುರದಲ್ಲಿ ಕಾಲೇಜು ಓದುತ್ತಿದ್ದಳು. ಮಳೆ ಹಿಡಿದರೆ ಹಳ್ಳ ತುಂಬುತ್ತದೆ, ಹುಡುಗಿ ಮನೆಯಲ್ಲೇ ಉಳಿಯುತ್ತಾಳೆ. ಹಿಂದಿನ ವರ್ಷ ಹಾಜರಿ ಸಾಲದೆ ಪರೀಕ್ಷೆಗೆ ಕೂಡಿಸಿರಲಿಲ್ಲ. ಈ ವರ್ಷವೂ ಹಾಗೇ ಆದರೆ ಓದು ಬಿಡಿಸುವುದೇ ಸೈ ಎಂದು ಮನೆಯವರು ಹೇಳಿದ್ದರು.

ಶಾಸಕರು ಸಾಕವಕ್ಕಾಗಿ ಓಡಾಡಿದ್ದು ಸುಳ್ಳಲ್ಲ. ಕಾಡಿನ ಜಾಗ, ಯಾವುದೋ ಒಪ್ಪಿಗೆ ಎಲ್ಲೋ ಕುಳಿತಿತ್ತು. ಮಾಮಾ ಮಾತ್ರ ವಾರ ವಾರ ತಮ್ಮ ಧರ್ಮ ಪಾಲಿಸಿದರು. ಸಾಕವದ ಬಗ್ಗೆ ಚರ್ಚೆ ನಡೆದಿದೆ. ಸಾಕವದ ಬಗ್ಗೆ ಇನ್ನಷ್ಟು ಚರ್ಚೆ ನಡೆದಿದೆ. ಸಾಕವ ಮಳೆಗೆ ಮೊದಲೇ ಬರುವ ನಿರೀಕ್ಷೆ ಇದೆ. ಸಾಕವ್ವ ಫೋನ್ ಮಾಡಿದಾಗಲೂ ಅದೇ: "ಯೇತೋಯ್ ಆಜಿ, ಥೋಡಾ ಉಶೀರ್ ಆಹೇ." ಬರುತ್ತಿದೆ ಅಜ್ಜಿ, ಸ್ವಲ್ಪ ತಡ.

ಸಾಕವ್ವ ಬಸ್ಸಿಗೆ ಕಾಯುವವಳಂತೆ ಕುಳಿತೇಬಿಟ್ಟಳು. ಖಾನಾಪುರದ ಬಸ್ಸು ಸಿಗುವ ಮಚ್ಛೆಯಲ್ಲಿದ್ದ ನೆಂಟರು ಮಳೆಗಾಲಕ್ಕೆ ಹುಡುಗಿಯನ್ನು ತಮ್ಮಲ್ಲಿಟ್ಟುಕೊಳ್ಳುತ್ತೇವೆ ಎಂದಿದ್ದರಂತೆ. ಬೇಡ, ಸಾಕವ ಬರುತ್ತದೆ, ಮೈಕಿನವರು ಹೇಳಿದ್ದಾರೆ ಎಂದುಬಿಟ್ಟಳು. ನೆಂಟರು ಹುಡುಗಿಗೆಂದು ಇಟ್ಟಿದ್ದ ಖೋಲಿಯನ್ನು ಬಾಡಿಗೆಗೆ ಕೊಟ್ಟರು. ಇದನ್ನೆಲ್ಲ ಅವಳು ಮಾಮಾನಿಗೆ ಫೋನಿನಲ್ಲಿ ಬಹಳ ಸಮಾಧಾನದಿಂದ ಹೇಳಿದಳು. ಆಗ ಮಳೆ ಶುರುವಾಗಿತ್ತು.

ಮಾಮಾ ಆ ವಾರ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ ಎಂದು ಮಾಮಿ ಹೇಳುತ್ತಾಳೆ. ಮಾತಾಡಿದರು, ಬರೀ ಧ್ವನಿ ಸಣ್ಣದಾಗಿತ್ತು ಎಂದೂ ಒಮ್ಮೆ ಹೇಳಿದ್ದಳು. ಎರಡರಲ್ಲಿ ಯಾವುದನ್ನು ನಂಬುವುದು? ರವಿವಾರ ಬೆಳಿಗ್ಗೆ ಕೊಡೆ ಹಿಡಿದು ಖಾನಾಪುರದ ಬಸ್ಸು ಹತ್ತಿದ್ದಂತೂ ಖರೆ.

ಸಂಜೆ ಎಂದಿಗಿಂತ ತಡವಾಗಿ, ಹೊತ್ತು ಮುಳುಗುತ್ತಿರುವಾಗ, ಎಲ್ಲರ ಫೋನಿಗೂ ಸಂದೇಶ ಬಂತು. ಸಾಕವ್ವನ ಊರಿನ ಹಳ್ಳದ ತಗ್ಗಿನಲ್ಲಿ ನೆಟ್‌ವರ್ಕ್ ಇಲ್ಲ, ರಸ್ತೆಗೆ ಬಂದ ಮೇಲೆ ತಾನಾಗಿ ಹೋಗಿರಬೇಕು. ಭೋರ್ಗರೆವ ನೀರಿನ ಸದ್ದು. ಅದರ ನಡುವೆ ಮಾಮಾನ ಧ್ವನಿ: "ಮತದಾರ ಬಾಂಧವರ ಗಮನಕ್ಕ. ಈ ವಾರ…" ಮತ್ತೆ ನೀರು. ಆಮೇಲೆ ಒಂದೇ ಶಬ್ದ: "ಖಾಲಿ." ಮುಗಿಯಿತು.

ಮಾಮಾನ ಫೋನ್ ಹತ್ತದೆ ಶಾಸಕರು ನನಗೆ ಫೋನ್ ಮಾಡಿದರು. "ಏನ್ರಿ ಇದು? ಈ ವಾರ ಖಾಲಿ ಅಂತಾರಲ್ರಿ! ಅವರಿಗೇನರ ಆರಾಮಿಲ್ಲೇನ?" ನನಗೇನು ಗೊತ್ತು?

ಮಾಮಾ ಮನೆಗೆ ಬಂದಾಗ ಕತ್ತಲಾಗಿತ್ತು. ಜೊತೆಗೆ ತಲೆಯಿಂದ ಪಾದದವರೆಗೆ ತೊಯ್ದ ಒಬ್ಬ ಹುಡುಗಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪುಸ್ತಕಗಳು. "ಮಳಿಗಾಲ ಮುಗಿಯೂತನಾ ಇಲ್ಲೇ ಇರ್ತಾಳ. ಮನಿ ಮುಂದ ಖಾನಾಪುರದ ಬಸ್ಸು ಸಿಗತಾವ" ಎಂದರು. ಮಾಮಿ ಒಣ ಬಟ್ಟೆ ಕೊಟ್ಟು, ಹುಡುಗಿಗೊಬ್ಬಳಿಗೆ ರೊಟ್ಟಿ ಬಡಿಸಿದಳು. ಮಾಮಾ ಊಟಕ್ಕೆ ಕೂರದ್ದನ್ನು ನೋಡಿ ಹುಡುಗಿ ತನ್ನಿಂದಾಗಿ ಮನೆಯಲ್ಲಿ ರೊಟ್ಟಿ ಕಡಿಮೆ ಬಿತ್ತೆಂದು ತಿಳಿದು, ಅರ್ಧ ಮುರಿದು ಅವರ ಕಡೆ ಸರಿಸಿದಳಂತೆ. ಮಾಮಾ ಅದನ್ನು ತಿನ್ನಲೂ ಆರದೆ, ಬೇಡವೆನ್ನಲೂ ಆರದೆ, ಕೈಯಲ್ಲಿ ಹಿಡಿದುಕೊಂಡೇ ಕುಳಿತಿದ್ದರಂತೆ.

ಮರುದಿನ ಕಚೇರಿಯಲ್ಲಿ ಎಲ್ಲರೂ ಆ ಸಂದೇಶ ತೆಗೆಯಿರಿ ಎಂದರು. ಶಾಸಕರು ಫೋನನ್ನು ಕಿವಿಗೆ ಹಿಡಿದು ಮತ್ತೊಮ್ಮೆ ಕೇಳಿದರು.

"ಇದು ಎಲ್ಲೀ ನೀರ್ರಿ ಕಾಕಾ?"

"ಸಾಕವದ ಕೆಳಗಿಂದು ಸಾಹೇಬ್ರ. ಸಾಕವ ಇನ್ನೂ ಬಂದಿಲ್ಲ, ನೀರು ಮೊದಲ ಬಂದೈತಿ."

ಶಾಸಕರು ಫೋನನ್ನು ಮೇಜಿನ ಮೇಲಿಟ್ಟರು. ಆಮೇಲೆ, "ಅದನ್ನ ತಗೀಬ್ಯಾಡ್ರಿ. ಇರ್ಲಿ" ಎಂದರು.

ಸಾಕವ ಈಗಲೂ ಬಂದಿಲ್ಲ. ಸಾಕವ್ವ ಈಗಲೂ ರವಿವಾರ ಫೋನ್ ಮಾಡುತ್ತಾಳೆ. ಮೊದಲು ಮೊಮ್ಮಗಳು ಉಂಡಳೇ ಎಂದು ಕೇಳುತ್ತಾಳೆ, ಆಮೇಲೆ ಸಾಕವ. ಮಾಮಾ ಈಗ ಸ್ವಲ್ಪ ತಡ ಎನ್ನುವುದಿಲ್ಲ. "ಅಜೂನ್ ನಾಹೀ, ಆಜಿ" ಎನ್ನುತ್ತಾರೆ. ಇನ್ನೂ ಇಲ್ಲ ಅಜ್ಜಿ.

ಆ ಸಂಜೆ ಮಾಮಾ ಮೊದಲು ಹಳ್ಳ ದಾಟಿ ಈಚೆ ದಡಕ್ಕೆ ಬಂದು ನಿಂತಿದ್ದರಂತೆ. ಹುಡುಗಿ ಪುಸ್ತಕ ಎದೆಗವಚಿಕೊಂಡು ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ ಬರುತ್ತಿದ್ದಳು. ಹೊತ್ತು ಮುಳುಗುವ ಭಯಕ್ಕೆ ಮಾಮಾ ಅಲ್ಲೇ ಸಂದೇಶ ಶುರು ಮಾಡಿದರು. ಹಾಗಾದರೆ ಆ ಖಾಲಿ ಯಾವುದು? ಈ ವಾರ ಏನೂ ಆಗಿಲ್ಲ ಎಂದು ಜೀವನದಲ್ಲಿ ಮೊದಲ ಬಾರಿಗೆ ಮಂದಿಯ ಮುಂದೆ ಒಪ್ಪಿಕೊಂಡರೋ? ಇಲ್ಲ, ಕಾಲು ಜಾರುವ ಹುಡುಗಿಗೆ ಕೆಳಗೆ ನೋಡು ಎಂದು ಮರಾಠಿಯಲ್ಲಿ ಕೂಗಿದರೋ?

ಹುಡುಗಿಯನ್ನು ಕೇಳಿದೆ. ನೀರಿನ ಸದ್ದಿನಲ್ಲಿ ತನಗೇನೂ ಕೇಳಿಸಲಿಲ್ಲ ಎಂದಳು. ಮಾಮಾನನ್ನು ಕೇಳಿದೆ. "ಹೇಳ್ತೀನಿ, ಸ್ವಲ್ಪ ತಡ ಐತಿ" ಎಂದು ನಕ್ಕರು.

ಆ ಸಂದೇಶ ನನ್ನ ಫೋನಿನಲ್ಲಿ ಇನ್ನೂ ಇದೆ. ಕೆಲವು ಸಲ ಕೇಳಿದಾಗ ಅದು ಕನ್ನಡ, ಕೆಲವು ಸಲ ಮರಾಠಿ. ಯಾವುದೆಂದು ನನಗೆ ಗೊತ್ತಿಲ್ಲ.