ಓಟಿಗೆ ಮೊದಲೇ ಬಿದ್ದ ಮಸಿ

ನಿಯಮ ಮುರಿಯುವುದಕ್ಕೂ ಒಂದು ಧೈರ್ಯ ಬೇಕು. ನನಗೆ ಅದಿಲ್ಲ. ಹರಿಹರದ ಬಸ್ಸಿನಲ್ಲಿ ಟಿಕೆಟ್ ಕೈಯಲ್ಲೇ ಇದ್ದರೂ ಚೆಕಿಂಗಿನವರು ಹತ್ತಿದರೆ ನನ್ನ ಎದೆ ಡವಗುಟ್ಟುತ್ತದೆ. ಮೂವತ್ತಾರನೇ ವಯಸ್ಸಿನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂತಾಗ, ಮೇಲ್ವಿಚಾರಕರು ಹತ್ತಿರ ಬಂದರೆ ಸಾಕು, ಯಾರೂ ಕೇಳದಿದ್ದರೂ ಎದ್ದು ನಿಂತು ಜೇಬು ತೋರಿಸುತ್ತಿದ್ದೆ. ಇಂಥವನ ಬೆರಳಿಗೆ ಕಳೆದ ವಿಧಾನಸಭೆ ಚುನಾವಣೆಯ ದಿನ ಓಟು ಹಾಕುವ ಮೊದಲೇ ಮಸಿ ಬಿತ್ತು.

ಮಲೆಬೆನ್ನೂರಿನ ಶಾಲೆಯೊಂದರಲ್ಲಿ ನಾನು ಜವಾನ. ಚುನಾವಣೆ ಬಂದರೆ ನಮ್ಮ ಆರನೇ ತರಗತಿಯೇ ಮತಗಟ್ಟೆ. ಬೆಂಚು ಸರಿಸುವುದು, ನೀರು ತುಂಬಿಡುವುದು ನನ್ನ ಪಾಲಿನ ಕೆಲಸ. ಶಾಯಿಯ ಸೀಸೆ ಉರುಳದಂತೆ ಅದನ್ನು ಬಟ್ಟಲಿನ ಮರಳಲ್ಲಿ ಹೂತಿಡುವ ಪದ್ಧತಿಯುಂಟು. ದಾವಣಗೆರೆಯಿಂದ ಬಂದಿದ್ದ ಮತಗಟ್ಟೆ ಅಧಿಕಾರಿ ಮೇಡಂ ಬೆಳಿಗ್ಗೆ "ಒಂದೀಟು ಮರಳು ಸಿಗ್ತೈತೇನ್ರಿ?" ಅಂದರು. ತಂದೆ; ಜರಡಿ ಹಿಡಿದು ತಂದೆ. ಸೀಸೆ ಹೂತಿಟ್ಟೆ. ಅಷ್ಟಕ್ಕೇ ಸುಮ್ಮನಾಗಬೇಕಿತ್ತು. ಗಟ್ಟಿಯಾಗಿ ಕೂತಿದೆಯೋ ಇಲ್ಲವೋ ಎಂದು ಅಲುಗಾಡಿಸಿ ನೋಡಿದೆ. ಮುಚ್ಚಳ ಸಡಿಲವಿತ್ತು. ಎಡಗೈ ತೋರುಬೆರಳು ಗಿಣ್ಣಿನವರೆಗೂ ಮಸಿಯಾಯಿತು.

ಮೇಡಂ ನೋಡಲಿಲ್ಲ, ನಾನು ಹೇಳಲಿಲ್ಲ. ನಲ್ಲಿಯ ಹತ್ತಿರ ಓಡಿ ಸೋಪು ಹಚ್ಚಿದೆ, ನಿಂಬೆಹಣ್ಣು ತಿಕ್ಕಿದೆ. ತಿಕ್ಕಿದಷ್ಟೂ ಕಪ್ಪಾಯಿತು. ಕೊನೆಗೆ ಬಟ್ಟೆ ಸುತ್ತಿಕೊಂಡೆ. ಹತ್ತು ಗಂಟೆಗೆ ಓಟು ಹಾಕಲು ಬಂದ ಹೆಂಡತಿ ಗಿರಿಜಾ ಬಟ್ಟೆ ಸರಿಸಿ ನೋಡಿಬಿಟ್ಟಳು.

"ಜೋಡೀಲಿ ಹಾಕಣ ಅಂದೋರು ಒಬ್ರೇ ಹಾಕ್ಕಂಡು ಮುಚ್ಚಿಟ್ಟೀರೇನು?"

"ಇಲ್ಲ ಕಣೇ, ಮಸಿ ಚೆಲ್ತು."

"ಹೂಂ, ಬೆರಳಿಗೇ ನೋಡ್ಕಂಡು ಚೆಲ್ತು!"

ಹೆಂಡತಿಯೇ ನಂಬದ ಮೇಲೆ ಸರ್ಕಾರ ನಂಬುತ್ತದೆಯೇ? ಕಳ್ಳ ಓಟು ಎಂದರೆ ನೌಕರಿಯ ಗತಿಯೇನು? ಬಿಟ್ಟರೆ ಐದು ವರ್ಷದ ಓಟು ಹೋಯಿತು. ಇದ್ದ ಇಬ್ಬರು ಅಭ್ಯರ್ಥಿಗಳಲ್ಲಿ ಯಾರಿಗೆಂದು ಒಂದು ತಿಂಗಳು ತೂಗಿ ನೋಡಿ, ಆ ದಿನವೇ ತೀರ್ಮಾನಿಸಿದರಾಯಿತು ಎಂದುಕೊಂಡಿದ್ದೆ. ಆ ದಿನವನ್ನು ಬೆರಳೇ ನುಂಗಿತು.

ಸಂಜೆ ಮತದಾನ ಮುಗಿಯಲು ಕಾಲು ಗಂಟೆಯಿತ್ತು. ಒಂದು ಪಕ್ಷದ ಏಜೆಂಟ್, ಸೈಕಲ್ ಅಂಗಡಿಯ ರಹಮತ್ ಸಾಬ್, ಬಾಗಿಲಿಗೆ ಬಂದು ಕರೆದರು. "ಹಾಲೇಶಣ್ಣ, ನಮ್ಮ ಪಟ್ಟೀಲಿ ನಿನ್ನ ಹೆಸ್ರಿಗೆ ಗುರುತೇ ಬಿದ್ದಿಲ್ಲಲ್ಲೋ! ಬಾ, ಹೊತ್ತಾತು."

ಒಳಗೆ ಹೋಗಿ, ಬಟ್ಟೆ ಬಿಚ್ಚಿ, ಎಲ್ಲ ಹೇಳಿದೆ.

"ಮಸಿ ಐತಲ್ರಿ, ಹೆಂಗೆ ಬಿಡ್ಲಿ?" ಎಂದರು ಮೇಡಂ.

ಬೆಳಿಗ್ಗೆಯಿಂದ ರಹಮತ್ ಸಾಬರ ಮುಖ ನೋಡದೆ ಕೂತಿದ್ದ ಎದುರು ಪಕ್ಷದ ಏಜೆಂಟ್ ಬಸಣ್ಣ ಎದ್ದ. "ಬಿಡ್ರಿ ಮೇಡಂ. ಕಳ್ಳ ಓಟು ಹಾಕೋವಷ್ಟು ತಲೆ ಇದ್ದಿದ್ರೆ ಇವ್ನು ಇನ್ನೂ ಗಂಟೆ ಹೊಡಿತಿದ್ನೇನ್ರಿ?"

"ಖರೇ ಮಾತು," ಎಂದರು ರಹಮತ್ ಸಾಬ್. ಇಬ್ಬರೂ ಒಪ್ಪಿದ್ದು ಅದೊಂದೇ ಮಾತು.

ಮೇಡಂ ರಿಜಿಸ್ಟರ್ ತಿರುವಿದರು. ನನ್ನ ಸಹಿ ಎಲ್ಲೂ ಇರಲಿಲ್ಲ. "ಬೆಳಿಗ್ಗೇನೇ ಹೇಳಿದ್ರೆ ಎರಡು ನಿಮಿಷದ ಕೆಲ್ಸ ಆಗಿತ್ತಲ್ರಿ!" ಎಂದು ನಡುಬೆರಳಿಗೆ ಮಸಿ ಹಾಕಿಸಿದರು.

ಯಂತ್ರದ ಮುಂದೆ ನಿಂತಾಗ ಕನ್ನಡಕ ಬೆವರಿಗೆ ಮಂಜಾಗಿತ್ತು. "ಜಲ್ದಿ ಆಗ್ಲಿ ರೀ," ಎಂದರು ಮೇಡಂ. ಯಾವುದೋ ಗುಂಡಿ ಒತ್ತಿದೆ. ಕುಂಯ್ ಅಂತು. ಹೊರಬರುವಾಗ ಇಬ್ಬರು ಏಜೆಂಟರೂ ನನ್ನತ್ತ ನೋಡಿ ತೃಪ್ತಿಯಿಂದ ತಲೆಯಾಡಿಸಿದರು.

ಸಂಜೆ ಮತ್ತೆ ಬಂದು ಗೇಟಿನಲ್ಲಿ ಕಾಯುತ್ತಿದ್ದ ಗಿರಿಜಾ ನನ್ನ ಎರಡು ಕಪ್ಪು ಬೆರಳು ನೋಡಿ, "ಈಗ ಇನ್ನೊಂದು ಸಲ ಹಾಕಿ ಬಂದ್ರಾ?" ಎಂದಳು. ಆಮೇಲೆ ಮೆಲ್ಲಗೆ, "ಯಾರಿಗ್ರಿ?"

ಓಟು ಗುಟ್ಟಾಗಿರಬೇಕು ಎಂಬುದು ನಿಯಮ. ಅದನ್ನು ನನ್ನಷ್ಟು ಕಟ್ಟುನಿಟ್ಟಾಗಿ ಪಾಲಿಸಿದವರು ತಾಲ್ಲೂಕಿನಲ್ಲೇ ಇರಲಿಕ್ಕಿಲ್ಲ. ಯಾರಿಗೆ ಹಾಕಿದೆನೆಂದು ನನಗೂ ಗೊತ್ತಿಲ್ಲ.