ಟ್ಯೂಬಾ ನುಡಿಸಿದ ತಪ್ಪಿಗೆ

ಪ್ಲಮ್ ಕ್ರೀಕ್ ವಿಶ್ವವಿದ್ಯಾಲಯದ ಸ್ಕಾಲರ್‌ಶಿಪ್ ವಿಭಾಗದಲ್ಲಿ ವಿರಾಜಮಾನರಾಗಿರುವ ಲೆಕ್ಕಯಂತ್ರ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ಕರೆಂಟು ಹೋಗದೆ, ಧೂಳು ಕೂರದೆ ತಾವು ಕ್ಷೇಮವಾಗಿದ್ದೀರೆಂದು ನಂಬಿ, ನೆಬ್ರಾಸ್ಕಾದ ಒಂದು ಸಣ್ಣ ಊರಿನಲ್ಲಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೂತು ಜನರ ನೋವಿಗೆ ಸಮಯ ನಿಗದಿ ಮಾಡಿಕೊಡುವ ಲೊರೇನ್ ಪ್ರೋಖಾಸ್ಕ ಎಂಬ ನಾನು ತಮಗೆ ವಂದಿಸಿ ಬರೆದುಕೊಳ್ಳುವುದೇನೆಂದರೆ, ನನ್ನ ಮಗಳು ಟೆಸ್ಸಾಳಿಗೆ ಅರ್ಧ ಫೀಸಿನ ಸ್ಕಾಲರ್‌ಶಿಪ್ ಇಲ್ಲವೆಂದು ತಾವು ಕಳಿಸಿದ ಸಂದೇಶ ಕೈಸೇರಿದೆ. ಮೊದಲ ಸಾಲಿನಲ್ಲಿ ತಾವು ಸೀಟು ಸಿಕ್ಕಿದ್ದಕ್ಕೆ ಅಭಿನಂದಿಸಿದ್ದನ್ನು ಓದಿ ಅಡುಗೆಮನೆಯಲ್ಲೇ ಕುಣಿದ ನಾವು, ಎರಡನೆಯ ಸಾಲಿಗೆ ಬಂದು ಕುರ್ಚಿ ಹುಡುಕಿಕೊಂಡೆವು. ಆ ಅರ್ಧ ಫೀಸು ಇಲ್ಲದೆ ಅವಳು ತಮ್ಮಲ್ಲಿಗೆ ಬರುವಂತಿಲ್ಲ ಎಂಬುದನ್ನು ತಮ್ಮ ಗಮನಕ್ಕೆ ತರುವುದು ಅಧಿಕಪ್ರಸಂಗವಾಗಲಾರದು ಎಂದುಕೊಂಡಿದ್ದೇನೆ.

ಸ್ಕಾಲರ್‌ಶಿಪ್ಪಿಗೆ ತಾವು ಹಾಕಿದ ಗೆರೆ ಸರಾಸರಿ ನಾಲ್ಕೂವರೆ ಅಂಕ. ಅವಳ ಸರಾಸರಿ 4.47. ನಮ್ಮ ಹೈಸ್ಕೂಲಿನವರು ಕಠಿಣ ಪಾಠಗಳ 'ಎ' ಗ್ರೇಡಿಗೆ ಐದು ಅಂಕ ಕೊಡುತ್ತಾರೆ, ಉಳಿದ ಪಾಠಗಳ 'ಎ' ಗ್ರೇಡಿಗೆ ನಾಲ್ಕೇ ಕೊಡುತ್ತಾರೆ, ಬ್ಯಾಂಡ್ ವಾದ್ಯದ ಪಾಠವನ್ನು ಆ ಉಳಿದವುಗಳ ಪಂಕ್ತಿಯಲ್ಲಿ ಕೂರಿಸುತ್ತಾರೆ, ಮತ್ತು ತಾವು ಅವರು ಕೊಟ್ಟದ್ದನ್ನು ಕಣ್ಣಿಗೊತ್ತಿಕೊಂಡು ಸ್ವೀಕರಿಸುತ್ತೀರಿ. ಹಾಗಾಗಿ ನಾಲ್ಕು ವರ್ಷವೂ ಟ್ಯೂಬಾ ಎಂಬ ಭಾರಿ ಹಿತ್ತಾಳೆ ಕಹಳೆಯನ್ನು ನುಡಿಸಿ ನಾಲ್ಕು ವರ್ಷವೂ 'ಎ' ತಂದವಳನ್ನು ಆ 'ಎ'ಗಳೇ ಕಾಲು ಹಿಡಿದು ಕೆಳಗೆಳೆದಿವೆ. ಬ್ಯಾಂಡನ್ನು ತೆಗೆದು ಕೂಡಿದರೆ 4.55 ಬರುತ್ತದೆ. ಚೆನ್ನಾಗಿ ಮಾಡಿದ ಕೆಲಸಕ್ಕೆ ಇಷ್ಟು ಕರಾರುವಾಕ್ಕಾಗಿ ದಂಡ ಹಾಕುವ ತಮ್ಮ ನ್ಯಾಯಬುದ್ಧಿಯನ್ನು ಎಷ್ಟು ಹೊಗಳಿದರೂ ಸಾಲದು.

ಎಚ್ಚರಿಕೆ ಸಿಗಲಿಲ್ಲವೆಂದು ನಾನು ದೂರುತ್ತಿಲ್ಲ. ಶಾಲೆಯ ಸಲಹೆಗಾರ್ತಿ ಮಿಸೆಸ್ ಹಾವ್ಲಿಚೆಕ್ ಮೊದಲ ವರ್ಷವೇ ನನ್ನನ್ನು ಕರೆದು, "ನೋಡಿ ಲೊರೇನ್, ಬ್ಯಾಂಡ್ ಬಿಡಿಸಿ ಸ್ಟಡಿ ಹಾಲ್ ಹಾಕ್ಸಿಬಿಡಿ. ಸುಮ್ನೆ ಕೂತಿರೋ ಪಿರಿಯಡ್ಡು, ಗ್ರೇಡೇ ಇಲ್ಲ. ಗ್ರೇಡಿಲ್ಲ ಅಂದ್ರೆ ಎಳೆಯೋಕೂ ಏನಿಲ್ಲ" ಎಂದಿದ್ದರು. "ಎ ತಂದ್ರೆ ಲಾಸು ಅಂತ ಎಲ್ಲಾದ್ರೂ ಉಂಟಾ? ತಮಾಷೆ ಸಾಕು" ಎಂದು ನಾನು ನಕ್ಕಿದ್ದೆ. ಅವರು ನಗಲಿಲ್ಲ.

ಪಕ್ಕದ ಮನೆಯ ಬ್ರೇಡನ್ ವಾವ್ರ ಮಾತ್ರ ಬುದ್ಧಿವಂತ. ಊರಿನಲ್ಲೇ ಅವನಷ್ಟು ಇಂಪಾಗಿ ಟ್ರಂಪೆಟ್ ನುಡಿಸುವವರಿರಲಿಲ್ಲ. ಅದನ್ನು ಪೆಟ್ಟಿಗೆಗೆ ಹಾಕಿ, ಸ್ಟಡಿ ಹಾಲಿನ ಮೇಜಿನ ಮೇಲೆ ತಲೆಯಿಟ್ಟು, ಮೂರು ವರ್ಷ ನಿಷ್ಠೆಯಿಂದ ನಿದ್ದೆ ಮಾಡಿ, ತಮ್ಮ ಸ್ಕಾಲರ್‌ಶಿಪ್ಪಿಗೆ ಪಾತ್ರನಾಗಿದ್ದಾನೆ. ಅವನನ್ನು ನೋಡಿ ಕ್ಲಾರಿನೆಟ್ಟಿನವರೂ ಕೊಳಲಿನವರೂ ಒಬ್ಬೊಬ್ಬರಾಗಿ ಎದ್ದು ಹೋದರು. ಮೊನ್ನೆ ಬ್ರೇಡನ್ ಬೇಲಿಯ ಹತ್ತಿರ ಬಂದು, "ಬೇಜಾರ್ ಮಾಡ್ಕೋಬೇಡಿ ಮಿಸೆಸ್ ಪ್ರೋಖಾಸ್ಕ. ನಂಗೂ ಬ್ಯಾಂಡೇ ಇಷ್ಟ ಇತ್ತು. ಅಪ್ಪ ಲೆಕ್ಕ ಹಾಕ್ಬಿಟ್ರು" ಎಂದ. ಒಳ್ಳೆಯ ಹುಡುಗ, ಅವನ ಮೇಲೆ ನನಗೆ ಸಿಟ್ಟು ಬರಲೇ ಇಲ್ಲ, ಅದೇ ನನ್ನ ಕಷ್ಟ.

ಆದ್ದರಿಂದ ಈ ಕೆಳಗಿನ ವಿನಂತಿಯನ್ನು ತಾವು ದೊಡ್ಡ ಮನಸ್ಸು ಮಾಡಿ ಪರಿಶೀಲಿಸಬೇಕು. ಟೆಸ್ಸಾ ಬ್ಯಾಂಡಿನಲ್ಲಿ ಗಳಿಸಿದ ಎಲ್ಲ 'ಎ'ಗಳನ್ನೂ ನಾವು ಸಂತೋಷದಿಂದ ಹಿಂದಿರುಗಿಸುತ್ತೇವೆ. ಶುಕ್ರವಾರದ ಫುಟ್‌ಬಾಲ್ ಪಂದ್ಯಗಳಲ್ಲಿ, ತುಟಿ ಲೋಹಕ್ಕೆ ಅಂಟಿಕೊಳ್ಳುವ ಚಳಿಯಲ್ಲಿ ಅವಳು ಟ್ಯೂಬಾ ನುಡಿಸುತ್ತಾ ಮೈದಾನ ಸುತ್ತುತ್ತಿದ್ದಾಗ, ಬ್ಯಾಂಡಿನ ಸಮವಸ್ತ್ರಕ್ಕೆಂದು ನಾನು ಚಿಲ್ಲಿ ಎಂಬ ಮಾಂಸ-ಕಾಳಿನ ಖಾರದ ಸಾರನ್ನೂ ಅದರ ಜೊತೆಗೆ ದಾಲ್ಚಿನ್ನಿ ರೋಲನ್ನೂ ಮಾರುತ್ತಿದ್ದಾಗ, ನಾವಿಬ್ಬರೂ ವಾಸ್ತವವಾಗಿ ಗೊರಕೆ ಹೊಡೆಯುತ್ತಿದ್ದೆವೆಂದು ದಾಖಲಿಸಿಕೊಳ್ಳಬೇಕು. ಬ್ಯಾಂಡ್ ಮಾಸ್ಟರ್ ಮಿಸ್ಟರ್ ಡೂಡಾ ಅವರು ಗೊರಕೆಗೆ ಪ್ರಮಾಣಪತ್ರ ಕೊಡಲು ಒಪ್ಪಿದ್ದಾರೆ. ಗೊರಕೆ ತಾಳಬದ್ಧವಾಗಿತ್ತೆಂದೂ ಬರೆಯುತ್ತಾರಂತೆ.

ತಮ್ಮ ಪದ್ಧತಿಯನ್ನು ನಾನು ಮನೆಯಲ್ಲೂ ಜಾರಿಗೆ ತಂದಿದ್ದೇನೆ. ಪಾತ್ರೆ ತೊಳೆಯುವುದು ಸುಲಭದ ಕೆಲಸವಾದ್ದರಿಂದ ಅದನ್ನು ಚೆನ್ನಾಗಿ ಮಾಡಿದಷ್ಟೂ ತಾಯಿಯಾಗಿ ನನ್ನ ಸರಾಸರಿ ಇಳಿಯುತ್ತದೆಂದು ಮನಗಂಡು ನಿಲ್ಲಿಸಿದ್ದೇನೆ. ಸಿಂಕು ತುಂಬಿದೆ, ಸರಾಸರಿ ಏರುತ್ತಿದೆ.

ಒಂದೇ ಒಂದು ಮಾತು ವ್ಯಂಗ್ಯವಿಲ್ಲದೆ ಹೇಳಿಬಿಡುತ್ತೇನೆ, ಕ್ಷಮಿಸಿ. ತಮ್ಮ ಸಂದೇಶ ಬಂದ ಸಂಜೆ ಟೆಸ್ಸಾ ಟ್ಯೂಬಾವನ್ನು ಒರೆಸುತ್ತಾ, ತಲೆಯೆತ್ತದೆ, "ಅಮ್ಮಾ, ನಾನಿದನ್ನ ಅವತ್ತೇ ಬಿಟ್ಬಿಡ್ಬೇಕಿತ್ತು ಅಲ್ವಾ?" ಎಂದು ಕೇಳಿದಳು. ಫೀಸಿಗಿಂತ ಆ ಪ್ರಶ್ನೆ ನನಗೆ ಹೆಚ್ಚು ನೋವು ಕೊಟ್ಟಿತು. ಬಿಡಬೇಕಿರಲಿಲ್ಲ ಎಂದು ಹೇಳಲು ನನಗೆ ತುಂಬ ಹೊತ್ತು ಹಿಡಿಯಿತು, ಆ ಹೊತ್ತನ್ನು ಅವಳು ಗಮನಿಸಿದಳು. ಮುಂದಿನ ವರ್ಷ ಅವಳು ನಮ್ಮ ಪಕ್ಕದ ಊರಿನ ಎರಡು ವರ್ಷದ ಕಾಲೇಜಿಗೆ ಸೇರುತ್ತಾಳೆ. ಅಲ್ಲಿ ಬ್ಯಾಂಡೇ ಇಲ್ಲ, ತಮಗೆ ಸಮಾಧಾನವಾಗಬಹುದು.

ತಮ್ಮ ದಶಾಂಶ ಬಿಂದುವಿಗೆ ಸದಾ ತಲೆಬಾಗುವ,
ತಮ್ಮ ವಿಶ್ವಾಸಿ,
ಲೊರೇನ್ ಪ್ರೋಖಾಸ್ಕ

ತಾ.ಕ.: ಮುಂದಿನ ತಿಂಗಳು ನಮ್ಮ ಶಾಲೆಯ ಜಿಮ್ಮಿನಲ್ಲಿ ನಡೆಯುವ ಸ್ಕಾಲರ್‌ಶಿಪ್ ವಿಜೇತರ ಸನ್ಮಾನಕ್ಕೆ ಶಾಲೆಯ ಬ್ಯಾಂಡು ನುಡಿಸಬೇಕೆಂದು ತಮ್ಮ ಕಚೇರಿಯವರು ಕೇಳಿಕೊಂಡಿದ್ದಾರೆ. ಟೆಸ್ಸಾ ಒಪ್ಪಿದ್ದಾಳೆ, ಖಂಡಿತ ಬರುತ್ತಾಳೆ. ಆದರೆ ರಾಗ ನುಡಿಸಬೇಕಾದ ಟ್ರಂಪೆಟ್, ಕ್ಲಾರಿನೆಟ್, ಕೊಳಲಿನವರೆಲ್ಲ ಆ ದಿನ ತಮ್ಮ ವೇದಿಕೆಯ ಮೇಲೆ ಪದಕ ಹಾಕಿಸಿಕೊಳ್ಳುತ್ತಿರುತ್ತಾರಾದ್ದರಿಂದ ಕೆಳಗಿನಿಂದ ಟ್ಯೂಬಾದ ಭೂಂ ಭೂಂ ಮಾತ್ರ ಕೇಳಿಸುತ್ತದೆ. ರಾಗವನ್ನು ದಯವಿಟ್ಟು ತಾವೇ ಗುನುಗಿಕೊಳ್ಳಬೇಕು.