ಬಾಣಂತಿ ಕೋಣೆ ಹಿಡಿದ ಮೈಕ್ರೊಪ್ರೊಸೆಸರ್‌ಗೆ

ಮಾನ್ಯ ಮೈಕ್ರೊಪ್ರೊಸೆಸರ್ ಅವರ ಸನ್ನಿಧಿಗೆ, ಕೊಂಡಾಪುರದ ಯಮುನಾಬಾಯಿ ಮಾಡುವ ಅನಂತ ನಮಸ್ಕಾರಗಳು. ತಾವು ಅಟ್ಟದ ಮೇಲೆ ಕ್ಷೇಮವೆಂದು ನಂಬಿದ್ದೇನೆ.

ಮಾನ್ಯರೇ, ನಿವೃತ್ತ ಇಂಜಿನಿಯರರಾದ ನನ್ನ ಯಜಮಾನರು ಜಯತೀರ್ಥರು ಅಬಿಡ್ಸ್ ಪೇಟೆಯ ಫುಟ್‌ಪಾತಿನಲ್ಲಿ ತಮ್ಮನ್ನು ಕಂಡು, ಹಳೆಯ ಕಂಪ್ಯೂಟರಿನ ಸಮೇತ ಆಟೋದಲ್ಲಿ ಕರೆತಂದಾಗ, ಮಗಳು ಮೃಣಾಲಿನಿಯ ಬಾಣಂತನಕ್ಕೆಂದು ನಾನು ತೊಳೆದಿಟ್ಟಿದ್ದ ಕೋಣೆಯೇ ತಮಗೆ ಒಪ್ಪಿಗೆಯಾದದ್ದು ನಮ್ಮ ಭಾಗ್ಯ. ತಮ್ಮ ವಂಶದ ಹಿರಿಯರಿಗಿಂತ ಹದಿನಾರು ಪಟ್ಟು ಮೆಮೊರಿ ತಮ್ಮ ಅಧಿಕಾರದಲ್ಲಿದೆಯೆಂದೂ, ಆದರೆ ಅದು ಬ್ಯಾಂಕುಗಳೆಂಬ ಹದಿನಾರು ಕೋಣೆಗಳಾಗಿ ಹಂಚಿಹೋಗಿ, ಒಂದರಿಂದ ಇನ್ನೊಂದಕ್ಕೆ ಕಾಲಿಟ್ಟೊಡನೆ ಹಿಂದಿನದರಲ್ಲಿ ಏನು ಮಾಡುತ್ತಿದ್ದಿರೆಂಬುದೇ ತಮಗೆ ಮರೆತುಹೋಗುತ್ತದೆಂದೂ ಅವರು ವಿವರಿಸಿದರು. ಹದಿನಾರು ಕೋಣೆಗಳ ಒಡೆಯರಿಗೆ ನಮ್ಮ ಎರಡರಲ್ಲೊಂದು ಏಕೆ ಬೇಕಾಯಿತೆಂದು ಕೇಳುವಷ್ಟು ಅವಿನಯ ನನಗಿಲ್ಲ.

"ರೀ, ಮಗಳು ಬರಾಕಿದ್ದಾಳ, ಕೋಣಿ ಖಾಲಿ ಮಾಡ್ರಿ" ಎಂದರೆ, ತಮ್ಮ ಬ್ಯಾಂಕುಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿದ್ದ ಅವರು "ಇನ್ನೊಂದು ಬ್ಯಾಂಕ್ ಉಳದದ, ತಡಿ" ಎನ್ನುತ್ತಿದ್ದರು. ಇದನ್ನು ಕೇಳಿಸಿಕೊಂಡ ಎದುರುಮನೆಯ ವನಜಾ, "ರಿಟೈರ್ ಆದಮ್ಯಾಲೂ ಎಷ್ಟು ಬ್ಯಾಂಕ್ ಅಡ್ಡಾಡ್ತಾರ್ರಿ, ಪಾಪ" ಎಂದು ಮರುಗಿದರು.

ಮಗಳು ಬಂದು ನಡುಮನೆಯ ಸೋಫಾದ ಮೇಲೆ ಮಲಗಿದಳು. ನಾನು ತರಕಾರಿಗೆ ಹೋಗಿದ್ದಾಗ ಅಲ್ಲೇ ಅವಳಿಗೆ ನೋವು ಶುರುವಾಯಿತು. "ಅಪ್ಪಾ" ಎಂದು ಕರೆದಳು. ಬಾಗಿಲು ಹಾಕಿಕೊಂಡು ತಮ್ಮ ಕೊನೆಯ ಬ್ಯಾಂಕಿನ ಉತ್ತರಕ್ಕೆ ಕಾದಿದ್ದ ಅವರು "ಬಂದೆ" ಎಂದರು, ಬರಲಿಲ್ಲ. ಕೂಗು ಕೇಳಿ ಓಡಿಬಂದ ವನಜಾ ಅವರೇ ಆಸ್ಪತ್ರೆಗೆ ಕರೆದೊಯ್ದರು, ನಾನು ತರಕಾರಿ ಚೀಲದೊಡನೆ ನೇರ ಅಲ್ಲಿಗೇ ಹೋದೆ. ಆಮೇಲೆ ತಾವು ಉತ್ತರಿಸಿದಿರಂತೆ, ಅಭಿನಂದನೆಗಳು. ಸುದ್ದಿ ಹೇಳಲು ಯಜಮಾನರು ಹೊರಬಂದಾಗ ಮನೆಯಲ್ಲಿ ಯಾರೂ ಇರಲಿಲ್ಲ.

ಅವರು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮೊಮ್ಮಗಳು ಹುಟ್ಟಿದ್ದಳು. ಎತ್ತಿಕೊಳ್ಳಲು ಕೈ ಚಾಚದೆ ಬಾಗಿಲಲ್ಲೇ ನಿಂತರು. ಕೊನೆಗೆ ಮೃಣಾಲಿನಿಯೇ, "ಕೂಡ್ರಿ ಅಪ್ಪಾ, ತೊಡೀಮ್ಯಾಲೆ ಇಡತಾಳ ಅವ್ವ" ಎಂದಳು. ಮನೆಗೆ ಮರಳಿದವರು ತಮ್ಮನ್ನು ನನ್ನ ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟಕ್ಕೇರಿಸಿದರು.

ನನ್ನ ನಿಜವಾದ ದೂರು ಇಲ್ಲಿಂದ. ತಮ್ಮನ್ನು ಅಗಲಿದ ಅವರು ದಿನವಿಡೀ ಅಡುಗೆಮನೆಯಲ್ಲಿದ್ದು ನನ್ನ ಡಬ್ಬಿಗಳಿಗೆಲ್ಲ ವಿಳಾಸ ಅಂಟಿಸಿದ್ದಾರೆ. ಸಾಸಿವೆ ಕೇಳಿದರೆ ಯಾವ ಬ್ಯಾಂಕಿನದೆನ್ನುತ್ತಾರೆ. ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ಕೆಳಗಿಳಿದು, ಮಧ್ಯಾಹ್ನ ಮಗು ಮಲಗಿದಷ್ಟು ಹೊತ್ತು ಮಾತ್ರ ಅವರನ್ನು ತಮ್ಮ ಬಳಿ ಇರಿಸಿಕೊಳ್ಳಬೇಕಾಗಿ ವಿನಂತಿ. ಬಾಗಿಲಿಲ್ಲದ ಜಾಗವೊಂದನ್ನು ತಮಗಾಗಿ ಗೊತ್ತುಮಾಡಿದ್ದೇನೆ.

ತಮ್ಮ ವಿಶ್ವಾಸಿ,
ಯಮುನಾಬಾಯಿ

ತಾ.ಕ.: ಆ ಜಾಗ ವಾಷಿಂಗ್ ಮಷೀನಿನ ಪಕ್ಕ. ಅದು ಮನೆಮಂದಿಯ ಬಟ್ಟೆಯನ್ನೆಲ್ಲ ಒಂದೇ ಹೊಟ್ಟೆಯಲ್ಲಿ ಹಾಕಿಕೊಳ್ಳುತ್ತದೆ, ಕೆಲಸ ಮುಗಿದೊಡನೆ ತಾನಾಗಿಯೇ ಕೂಗಿ ಹೇಳುತ್ತದೆ. ಬಿಡುವಿದ್ದಾಗ ಮಾತನಾಡಿಸಿ ನೋಡಿ.